ಇನ್ನೂರರ ಗೆರೆ

2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಎಚ್‌ಐವಿಗೆ ಉಚಿತ ಚಿಕಿತ್ಸೆ ಶುರುಮಾಡಿದಾಗ ಎಲ್ಲ ಸೋಂಕಿತರಿಗೂ ಮಾತ್ರೆ ಸಿಗಲಿಲ್ಲ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ರೋಗನಿರೋಧಕ ಪಡೆಯ ಸಿಡಿ4 ಕೋಶಗಳು 200ಕ್ಕಿಂತ ಕೆಳಗಿಳಿಯುವವರೆಗೆ, ಇಲ್ಲವೇ ಕಾಯಿಲೆ ಉಲ್ಬಣಿಸುವವರೆಗೆ ಹೆಚ್ಚಿನವರು ಕಾಯಬೇಕಿತ್ತು. ಆರೋಗ್ಯವಂತರಲ್ಲಿ ಇವು ಸುಮಾರು 500ರಿಂದ 1500 ಇರುತ್ತವೆ. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಿದರು ಎಂದು ಇದನ್ನು ಹಳಿಯುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ಹಣ, ಔಷಧ ಎರಡೂ ಮಿತವಾಗಿದ್ದವು. ಅಂದಿನ ಸ್ಟಾವುಡಿನ್ ಮಾತ್ರೆ ಹಲವರ ಪಾದಗಳಲ್ಲಿ ಉರಿ ಎಬ್ಬಿಸುತ್ತಿತ್ತು, ಕೆನ್ನೆಯ ಕೊಬ್ಬು ಕರಗಿಸುತ್ತಿತ್ತು. ಗುಳಿಬಿದ್ದ ಆ ಕೆನ್ನೆಯೇ ಸೋಂಕಿನ ಗುಟ್ಟನ್ನು ಊರಿಗೆಲ್ಲ ಸಾರುತ್ತಿತ್ತು.

ಲೆಕ್ಕ ತಪ್ಪಿದ್ದು ಬೇರೆಡೆ. ರೋಗನಿರೋಧಕ ಶಕ್ತಿಯನ್ನು ತೊಟ್ಟಿಯ ನೀರಿನಂತೆ ಅಳೆದರು: ಮಟ್ಟ ಇಳಿದಾಗ ತುಂಬಿಸಿದರಾಯಿತು! ಆದರೆ ಎಣಿಕೆ ಚೆನ್ನಾಗಿದ್ದಾಗಲೂ ವೈರಸ್ ದೇಹವನ್ನು ಉರಿಯೂತದಲ್ಲೇ ಇಟ್ಟಿರುತ್ತದೆ. ‘ಸ್ಮಾರ್ಟ್’ ಅಧ್ಯಯನದಲ್ಲಿ ಸಿಡಿ4 350ಕ್ಕಿಂತ ಮೇಲಿದ್ದವರ ಮಾತ್ರೆ ನಿಲ್ಲಿಸಿ, 250ಕ್ಕಿಂತ ಕೆಳಗಿಳಿದಾಗ ಮತ್ತೆ ಕೊಟ್ಟು ನೋಡಿದರು. 2006ರಲ್ಲಿ ಬಂದ ಫಲಿತಾಂಶ: ಮಾತ್ರೆ ನಿಲ್ಲಿಸದವರಿಗಿಂತ ಇವರಲ್ಲಿ ಸಾವು ಹೆಚ್ಚಿತ್ತು, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಹೆಚ್ಚಿದ್ದವು. 2015ರ ‘ಸ್ಟಾರ್ಟ್’ ಅಧ್ಯಯನದಲ್ಲಿ, 500ರ ಮೇಲಿದ್ದಾಗಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ ಕಾದವರಿಗಿಂತ ಶೇ 57ರಷ್ಟು ಕಡಿಮೆಯಾಗಿತ್ತು. ತಡವಾಗಿ ಶುರುಮಾಡಿದ ಕೆಲವರಲ್ಲಂತೂ ಚೇತರಿಸಿಕೊಂಡ ನಿರೋಧಕ ಪಡೆ ಒಳಗೆ ಅಡಗಿದ್ದ ಕ್ಷಯದ ಮೇಲೆ ಒಮ್ಮೆಲೇ ಎರಗಿ, ಕತ್ತಿನ ಗಂಟುಗಳು ಊದಿ ಜ್ವರ ಏರುತ್ತಿತ್ತು. ಮದ್ದೇ ಕೆಡಿಸಿತೆಂದು ರೋಗಿ ನಂಬಿದರೆ ಆಶ್ಚರ್ಯವೇನು? 2017ರಲ್ಲಿ ಭಾರತ ಇಂಥ ಗೆರೆಯನ್ನೇ ಅಳಿಸಿತು: ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟವರಿಗೆಲ್ಲ ಚಿಕಿತ್ಸೆ.