ತೂಕಕ್ಕೆ ಹೋದ ಚರಿತ್ರೆ

ಕಲಬುರಗಿಯ ಚರಿತ್ರೆಯಲ್ಲಿ ಒಡವೆಯ ಮಾತು ಬಂದರೆ ಮೊದಲು ನೆನಪಾಗುವುದು ತಖ್ತ್-ಎ-ಫಿರೋಜಾ. ತೆಲಂಗಾಣದ ಅರಸನಿಂದ ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಶಾಹನಿಗೆ (1358-1375) ಬಂದ ಸಿಂಹಾಸನ ಅದು. ಬಿಜಾಪುರದಲ್ಲಿ ಕುಳಿತು ದಖ್ಖನಿನ ಇತಿಹಾಸ ಬರೆದ ಫಿರಿಶ್ತಾ ಅದರ ವಿವರವನ್ನು ಕೊಟ್ಟಿದ್ದಾನೆ. ಆಬನೂಸ್ ಎಂಬ ಕಪ್ಪು ಮರದ ಮೇಲೆ ಚಿನ್ನದ ತಗಡು, ತಗಡಿನ ಮೇಲೆ ರತ್ನಗಳು. ಆಕಾಶನೀಲಿಯ ಮೀನಾಕಾರಿ ಕೆಲಸವಿದ್ದುದರಿಂದ ಅದಕ್ಕೆ ಫಿರೋಜಾ ಎಂಬ ಹೆಸರು. ಪಟ್ಟಕ್ಕೆ ಬಂದ ಒಬ್ಬೊಬ್ಬ ಸುಲ್ತಾನನೂ ಹೊಸ ರತ್ನಗಳನ್ನು ಸೇರಿಸುತ್ತ ಹೋಗಿ, ಹೆಸರು ಕೊಟ್ಟ ನೀಲಿಯೇ ಕಡೆಗೆ ಕಾಣದಂತಾಯಿತು. ಮಹಮೂದ್ ಶಾಹನ ಕಾಲದಲ್ಲಿ ಅದನ್ನು ಬಿಚ್ಚಿ ಕೆಲವು ರತ್ನಗಳನ್ನು ಹೂಜಿ, ಬಟ್ಟಲುಗಳಿಗೆ ಕೂಡಿಸಲಾಯಿತು. ಆಗ ಜವಾಹಿರಿಗಳು ಕಟ್ಟಿದ ಬೆಲೆ ಒಂದು ಕೋಟಿ ಹೊನ್ನು. ಸಿಂಹಾಸನ ಹೋಯಿತು, ಲೆಕ್ಕ ಉಳಿಯಿತು. ಏಕೆಂದರೆ ಬರೆದಿಡುವವನೊಬ್ಬನಿದ್ದ.

ಇದೇ ನೆಲದಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಂಡಾಗಳಲ್ಲಿ, ಇನ್ನೊಂದು ಬಗೆಯ ಒಡವೆಗಳಿದ್ದವು. ಲಂಬಾಣಿ ಹೆಂಗಸರು ಅವುಗಳನ್ನು ಪೆಟ್ಟಿಗೆಯಲ್ಲಿಡದೆ ದಿನವೂ ಮೈಮೇಲೆ ಹೊತ್ತು ತಿರುಗಿದರು. ಹೊಲದ ಕಳೆ ಕೀಳುವಾಗ, ಶಹಾಬಾದಿನ ಪರಶಿ ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊರುವಾಗ, ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅವು ಸದ್ದು ಮಾಡುತ್ತಲೇ ಇದ್ದವು. ಆ ಒಡವೆಗಳಿಗೆ ಫಿರಿಶ್ತಾ ಸಿಗಲಿಲ್ಲ.

ಲಂಬಾಣಿಗರ ಗೋರ್‌ಬೋಲಿಗೆ ಸ್ವಂತ ಲಿಪಿಯಿಲ್ಲ. ಕರ್ನಾಟಕದಲ್ಲಿ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ, ಪಕ್ಕದ ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ. ಹೀಗೆ ಬರವಣಿಗೆಯಿಲ್ಲದೆ ಶತಮಾನಗಳನ್ನು ದಾಟಿದ ಜನರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಹಾಡಿನಲ್ಲಿ ಹುಡುಕಬೇಕು, ಹೆಂಗಸರ ಮೈಮೇಲಿನ ಒಡವೆಯಲ್ಲೂ ಹುಡುಕಬೇಕು.

ಮೊದಲು ಕವಡೆಯನ್ನು ನೋಡೋಣ. ಬಟ್ಟೆಯ ಅಂಚಿಗೆ, ತಲೆಯ ಮೇಲಿನ ಕೊಡದ ಸಿಂಬಿಗೆ, ಎತ್ತಿನ ಕೊರಳಪಟ್ಟಿಗೆ ಹೊಲಿದ ಈ ಬಿಳಿ ಚಿಪ್ಪು ಭೀಮಾ ನದಿಯದಲ್ಲ, ಕಾಗಿಣಾ ನದಿಯದೂ ಅಲ್ಲ. ಹಣವಾಗಿ ಚಲಾವಣೆಯಲ್ಲಿದ್ದ ಕವಡೆಯ ದೊಡ್ಡ ತವರು ಮಾಲ್ಡೀವ್ಸ್ ದ್ವೀಪಗಳು. 14ನೇ ಶತಮಾನದಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ, ದ್ವೀಪದವರು ಕವಡೆಯನ್ನು ಸಮುದ್ರದಿಂದ ತೆಗೆದು ಬಂಗಾಳಕ್ಕೆ ಕಳಿಸಿ ಅಕ್ಕಿ ತರಿಸಿಕೊಳ್ಳುವುದನ್ನು ಬರೆದಿದ್ದಾನೆ. ಬಂಗಾಳ, ಒಡಿಶಾಗಳಲ್ಲಿ 19ನೇ ಶತಮಾನದ ಆರಂಭದವರೆಗೂ ಅದು ಸಣ್ಣ ವ್ಯವಹಾರದ ಚಿಲ್ಲರೆ ನಾಣ್ಯವಾಗಿತ್ತು. ಸಮುದ್ರವನ್ನೇ ನೋಡದ ಚಿಂಚೋಳಿಯ ಕಾಡಂಚಿನ ತಾಂಡಾಕ್ಕೆ ಆ ಚಿಪ್ಪು ಬಂದು ಸೇರಿದೆ ಎಂದರೆ ಅದು ವ್ಯಾಪಾರದ ದಾರಿ ಹಿಡಿದೇ ಬಂದಿರಬೇಕು.

ಆ ದಾರಿಗಳನ್ನು ಬಲ್ಲವರು ಇವರೇ. ಇಂಗ್ಲಿಷ್ ವರ್ತಕ ಪೀಟರ್ ಮಂಡಿ 1632ರಲ್ಲಿ ಒಂದೇ ತಾಂಡಾದಲ್ಲಿ 14,000 ಎತ್ತುಗಳು ಧಾನ್ಯ ಹೊತ್ತು ಸಾಗುವುದನ್ನು ಕಂಡ. ಇಂಥ ತಂಡ ಎದುರಾದರೆ ಅದು ಹಾದುಹೋಗುವವರೆಗೆ ಪ್ರಯಾಣಿಕರು ಎರಡು ಮೂರು ದಿನ ಕಾಯಬೇಕಾಗುತ್ತಿತ್ತೆಂದು ಫ್ರೆಂಚ್ ರತ್ನ ವ್ಯಾಪಾರಿ ತಾವೆರ್ನಿಯೆ ಹೇಳುತ್ತಾನೆ. ಮೊಘಲರ ದಂಡು ದಖ್ಖನಿಗೆ ಇಳಿದಾಗ ಅದಕ್ಕೆ ಕಾಳು ಹೊತ್ತವರು ಬಂಜಾರರು. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಕಾರ್ನ್‌ವಾಲಿಸನ ಸೈನ್ಯಕ್ಕೂ ಧಾನ್ಯ ತಂದವರು ಅವರೇ. ಉಪ್ಪು ಸಾಗಿಸುತ್ತಿದ್ದ ಕಾರಣ ‘ಲವಣ’ದಿಂದ ಲಂಬಾಣಿ ಎಂಬ ಹೆಸರು ಬಂತೆಂದು ಹೇಳುವವರೂ ಇದ್ದಾರೆ. ಮನೆಯಿಲ್ಲದೆ ನಡೆಯುವವರಿಗೆ ತಿಜೋರಿ ಎಲ್ಲಿಂದ ಬರಬೇಕು? ದುಡಿದದ್ದು ಬೆಳ್ಳಿಯಾಗಿ ಹೆಂಗಸರ ಮೈಮೇಲೆ ಕುಳಿತಿತು.

ಕೆನ್ನೆಯ ಎರಡೂ ಬದಿಗೆ ಕೂದಲಿಗೆ ಕಟ್ಟಿ ಇಳಿಬಿಡುವ ಘುಗ್ರಿ, ಅದರ ಜೊತೆಗೆ ಟೋಪ್ಲಿ, ಕೊರಳಿಗೆ ಹಾಸಲಿ, ಮೂಗಿಗೆ ಭೂರಿಯಾ, ಕಾಲಿಗೆ ದಪ್ಪ ಕಡಗ. ಇವು ಬರಿಯ ಸಿಂಗಾರವಲ್ಲ. ಘುಗ್ರಿ ಕಂಡರೆ ಮದುವೆಯಾದವಳೆಂದು ತಿಳಿಯುತ್ತದೆ. ಗಂಡ ಸತ್ತರೆ ಅದನ್ನು ಬಿಚ್ಚಬೇಕು. ಮೊಣಕೈಯ ಮೇಲಿನ ಬಲಿಯಾ ಬಳೆಗಳಿಗೂ ಅದೇ ನಿಯಮ. ಒಂದು ಹೆಣ್ಣಿನ ಬದುಕಿನ ಮುಖ್ಯ ತಾರೀಖುಗಳೆಲ್ಲ ಅಲ್ಲಿ ದಾಖಲಾಗಿರುತ್ತವೆ. ಅವಳ ದುಃಖವೂ ಊರಿಗೆಲ್ಲ ಕಾಣುವಂತೆ ಅಲ್ಲೇ ದಾಖಲಾಗುತ್ತದೆ.

ಬಲಿಯಾ ಬಳೆ ಒಂದು ಕಾಲಕ್ಕೆ ಆನೆಯ ದಂತದ್ದು. ಅಷ್ಟು ಅನುಕೂಲವಿಲ್ಲದವರು ಕೊಂಬಿನದು, ಎಲುಬಿನದು ಹಾಕಿಕೊಳ್ಳುತ್ತಿದ್ದರು. ಭಾರತದಲ್ಲಿ 1986ರ ಕಾಯ್ದೆ ತಿದ್ದುಪಡಿ ದೇಶದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕದ ದಂತವನ್ನೂ ನಿಷೇಧಿಸಿತು. ಆನೆಗಳು ಉಳಿಯಬೇಕಾದರೆ ಇದು ಆಗಲೇಬೇಕಿತ್ತು. ಈಗ ತಾಂಡಾದ ತೋಳುಗಳಲ್ಲಿ ಕಾಣುವುದು ಬಿಳಿ ಪ್ಲಾಸ್ಟಿಕ್. ವಸ್ತು ಬದಲಾಗಿದೆ, ಅರ್ಥ ಮಾತ್ರ ಅದೇ.

ಬೆಳ್ಳಿ ಎಲ್ಲಿಂದ ಬರುತ್ತಿತ್ತು? ಬಹುಪಾಲು ರೂಪಾಯಿಯಿಂದಲೇ. ಬ್ರಿಟಿಷ್ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ನಮ್ಮ ಕಡೆ ನಿಜಾಮರ ಹಾಲಿ ಸಿಕ್ಕಾ ನಡೆಯುತ್ತಿತ್ತು, ಚಾರ್‌ಮಿನಾರ್ ಚಿತ್ರವಿದ್ದ ರೂಪಾಯಿ. ಕೆಲವು ನಾಣ್ಯಗಳಿಗೆ ಕೊಂಡಿ ಬೆಸೆದು ಹಾಗೇ ಸರಕ್ಕೆ ಪೋಣಿಸುತ್ತಿದ್ದರು. ಉಳಿದವನ್ನು ಪತ್ತಾರ ಮೂಸೆಯಲ್ಲಿ ಕರಗಿಸಿ, ಕಂಬಚ್ಚಿನಲ್ಲಿ ತಂತಿ ಎಳೆದು, ತಗಡು ಬಡಿದು ಅಚ್ಚಿನಲ್ಲಿ ಗೆಜ್ಜೆಯ ಅರ್ಧ ಬುರುಡೆಗಳನ್ನು ತೆಗೆದು, ಎರಡನ್ನೂ ಕೂಡಿಸಿ ಬೆಸುಗೆ ಹಾಕುತ್ತಿದ್ದ. 1940ರಲ್ಲಿ ಬ್ರಿಟಿಷ್ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ಪೂರ್ತಿ ನಿಕ್ಕಲ್ ಬಂತು. ಹಾಲಿ ಸಿಕ್ಕಾ 1959ರ ಹೊತ್ತಿಗೆ ಚಲಾವಣೆಯಿಂದ ಹೋಯಿತು. ಆದರೆ ತಾಂಡಾದ ಸರದಲ್ಲಿ ಆ ಚಾರ್‌ಮಿನಾರ್ ಮತ್ತಷ್ಟು ವರ್ಷ ನೇತಾಡುತ್ತಿತ್ತು.

ಈ ಕತೆಯಲ್ಲಿ ವಾಡಿಗೆ ಒಂದು ವಿಶೇಷ ಸ್ಥಾನವಿದೆ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಹಳಿ ಶಹಾಬಾದ್, ವಾಡಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಎತ್ತಿನ ಬೆನ್ನಿನ ಮೇಲೆ ವಾರಗಟ್ಟಲೆ ಸಾಗುತ್ತಿದ್ದ ಕಾಳು ಈಗ ಒಂದೆರಡು ದಿನದಲ್ಲಿ ಮುಟ್ಟತೊಡಗಿತು. ನಮಗೆ ಜಂಕ್ಷನ್ ಎಂದರೆ ಹೆಮ್ಮೆ. ಲಂಬಾಣಿಗರಿಗೆ ಅದು ದಾರಿಯ ಕೊನೆ. ಸಾಲದ್ದಕ್ಕೆ ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ಅಲೆಮಾರಿಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದಿತು. ಮುಂದೆ ಹಲವು ಪ್ರದೇಶಗಳಲ್ಲಿ ಲಂಬಾಣಿಗರೂ ಆ ಪಟ್ಟಿಗೆ ಸೇರಿದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಒಂದು ಕಾಲಕ್ಕೆ ಬಾದಶಹರ ದಂಡಿಗೆ ಅನ್ನ ಮುಟ್ಟಿಸಿದವರು ಕೂಲಿಗೆ, ಕಲ್ಲುಗಣಿಗೆ, ಕಟ್ಟಿಗೆ ಹೊರೆಗೆ ಇಳಿದರು. ಆಗ ಕೈ ಹಿಡಿದದ್ದು ಅದೇ ಬೆಳ್ಳಿ. ಬರ ಬಿದ್ದಾಗ ಒಂದು ಕಡಗ, ಮಗಳ ಮದುವೆಗೆ ಒಂದು ಹಾಸಲಿ, ಮುಂಬಯಿ ಪುಣೆಗೆ ಗುಳೆ ಹೊರಡುವಾಗ ಮತ್ತೊಂದು.

ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇಂಥದೇ ಚರಿತ್ರೆಯ ಇನ್ನೊಂದು ಜನಾಂಗವಿದೆ, ಅಮೆರಿಕದ ನವಾಹೊ ಆದಿವಾಸಿಗಳು. 1864ರಲ್ಲಿ ಅಮೆರಿಕದ ಸೈನ್ಯ ಅವರನ್ನು ಅವರ ನೆಲದಿಂದ ಎಬ್ಬಿಸಿ, ಸುಮಾರು 500 ಕಿಲೋಮೀಟರ್ ನಡೆಸಿಕೊಂಡು ಹೋಗಿ ಕೂಡಿಹಾಕಿತು. 1868ರ ಒಪ್ಪಂದದ ನಂತರವೇ ಅವರು ಊರಿಗೆ ಮರಳಿದ್ದು. ಬೆಳ್ಳಿಯ ಕೆಲಸವನ್ನು ಅವರು ಕಲಿತದ್ದು ಮೆಕ್ಸಿಕೋದ ಕಮ್ಮಾರರಿಂದ. ಅವರೂ ಕರಗಿಸಿದ್ದು ನಾಣ್ಯವನ್ನೇ, ಮೆಕ್ಸಿಕೋದ ಪೆಸೊ ಮತ್ತು ಅಮೆರಿಕದ ಡಾಲರ್. 1880ರ ಸುಮಾರಿಗೆ ಆ ಬೆಳ್ಳಿಯಲ್ಲಿ ನೀಲಿ ಕಲ್ಲನ್ನು ಕೂಡಿಸತೊಡಗಿದರು. ಅದು ನಮ್ಮ ಹಿರಿಯರು ಉಂಗುರದಲ್ಲಿ ಧರಿಸುತ್ತಿದ್ದ, ಇರಾನಿನ ನಿಶಾಪುರದಿಂದ ಬರುತ್ತಿದ್ದ ಅದೇ ಫಿರೋಜಾ. ತಾಮ್ರವಿರುವ ಬಂಡೆಯೊಳಗೆ ನೀರು ಜಿನುಗಿ, ಒಣನೆಲದಲ್ಲಿ ಯುಗಗಟ್ಟಲೆ ಕಾಲ ಹಿಡಿದು ಆಗುವ ಕಲ್ಲು. ಅವರೂ ಕಷ್ಟಕ್ಕೆ ಒಡವೆಯನ್ನು ಅಂಗಡಿಯಲ್ಲಿ ಒತ್ತೆ ಇಟ್ಟು, ಕೈಯಲ್ಲಿ ಕಾಸು ಬಂದಾಗ ಬಿಡಿಸಿಕೊಳ್ಳುತ್ತಿದ್ದರು.

ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿಗೆ ರೈಲು ಬಂದಾಗ ಪ್ರವಾಸಿಗರೂ ಬಂದರು, ಆ ಒಡವೆಗೆ ಕೊಳ್ಳುವವರು ಹುಟ್ಟಿಕೊಂಡರು. ಅದರಿಂದ ಕೇಡೂ ಆಯಿತು. ಹಗುರವಾದ ಅಗ್ಗದ ಮಾಲು ಬಂತು, ಬಣ್ಣ ಹಾಕಿದ ಕಲ್ಲು ಫಿರೋಜಾ ಎನಿಸಿಕೊಂಡಿತು. ಒಳ್ಳೆಯ ಗಣಿಗಳು ಒಂದೊಂದಾಗಿ ಬರಿದಾದವು. ಅರಿಜೋನಾದ ‘ಸ್ಲೀಪಿಂಗ್ ಬ್ಯೂಟಿ’ ಎಂಬ ಹೆಸರಾಂತ ಗಣಿಯಲ್ಲಿ 2012ರಲ್ಲಿ ಫಿರೋಜಾ ತೆಗೆಯುವುದು ನಿಂತಿತು. ಆದರೂ 1990ರ ಒಂದು ಕಾಯ್ದೆಯ ಪ್ರಕಾರ ಆದಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಹೇಳಿ ಮಾರುವುದು ಅಲ್ಲಿ ಅಪರಾಧ. ಮಾಡಿದ ಕೈಯ ಹೆಸರಿಗೆ ಅಲ್ಲಿ ಬೆಲೆ ಇದೆ.

ನಮ್ಮಲ್ಲಿ? ಸೊಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಒಂದು ಕಾಲದ ರಾಷ್ಟ್ರಕೂಟರ ರಾಜಧಾನಿಯಲ್ಲಿ, ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಸಮಾರಂಭ ನಡೆಯಿತು. ನಿಂತ ನೆಲ ತಮ್ಮದೆಂದು ಹೇಳುವ ಒಂದು ಕಾಗದಕ್ಕೆ ಅಷ್ಟು ಕಾಲ ಹಿಡಿಯಿತು. ಮೈಮೇಲಿನ ಬೆಳ್ಳಿಗೆ ಮಾತ್ರ ಇನ್ನೂ ಯಾವ ಕಾಗದವೂ ಇಲ್ಲ. ಸರಾಫ ಅಂಗಡಿಯ ತಕ್ಕಡಿಗೆ ಘುಗ್ರಿಯೂ ಬೆಳ್ಳಿ, ಮುರಿದ ಚಮಚೆಯೂ ಬೆಳ್ಳಿ. ಬೆಸುಗೆಯ ಲೆಕ್ಕ ಕಳೆದು, ಕೊಳೆಯ ಲೆಕ್ಕ ಕಳೆದು, ಉಳಿದ ತೂಕಕ್ಕೆ ದುಡ್ಡು. ಕೈಕೆಲಸಕ್ಕೆ ಏನೂ ಇಲ್ಲ. ಸಂಜೆಗೆ ಅದು ಮೂಸೆಯೊಳಗೆ.

ಮಾರುವವಳನ್ನು ದೂರುವಂತಿಲ್ಲ. ಅವಳ ಮಗನ ಕಾಲೇಜು ಫೀಸಿಗಿಂತ ಹಳೆಯ ಘುಗ್ರಿ ದೊಡ್ಡದಲ್ಲ. ಊರಿನ ಜನ ದಿಟ್ಟಿಸಿ ನೋಡುತ್ತಾರೆಂದು ಮೊಮ್ಮಗಳು ಅದನ್ನು ಹಾಕಿಕೊಳ್ಳದಿದ್ದರೆ ಅದೂ ಅವಳ ಹಕ್ಕು. ಆ ಒಡವೆಯೊಳಗೆ ಗಂಡ ಸತ್ತ ದಿನ ಬಿಚ್ಚಿಸುವ ಕಟ್ಟಳೆಯೂ ಇದೆ ಎಂಬುದನ್ನು ನಾವು ಮರೆಯಬಾರದು. ಕೇಳಿಕೊಳ್ಳಬೇಕಾದದ್ದು ಇಷ್ಟೇ: ಕರಗಿಸುವ ಮೊದಲು ಯಾರಾದರೂ ಒಂದು ಫೋಟೊ ತೆಗೆದು, ಒಡವೆಯ ಹೆಸರು, ತೂಕ, ಯಾರ ಮದುವೆಯಲ್ಲಿ ಬಂದದ್ದು, ಯಾವ ಊರಿನ ಪತ್ತಾರ ಮಾಡಿದ್ದು ಎಂದು ನಾಲ್ಕು ಸಾಲು ಬರೆದುಕೊಳ್ಳಬಾರದೇ? ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ತಾಂಡಾದಿಂದಲೇ ಹುಡುಗ ಹುಡುಗಿಯರು ಓದಲು ಬರುವ ಒಂದು ಕಾಲೇಜು, ಅವರಲ್ಲಿ ಒಬ್ಬರ ಕೈಯಲ್ಲಿ ಒಂದು ನೋಟ್‌ಬುಕ್ ಸಾಕು.

ತಖ್ತ್-ಎ-ಫಿರೋಜಾದ ಒಂದು ಹರಳೂ ಇಂದು ನಮ್ಮ ಕಣ್ಣಿಗೆ ಸಿಗುವುದಿಲ್ಲ. ಆದರೂ ಅದರ ಬಣ್ಣ ಯಾವುದು, ಅದು ಹೇಗೆ ಮುಚ್ಚಿಹೋಯಿತು ಎಂಬುದು ನಮಗೆ ಗೊತ್ತು. ಸೇಡಂ ಸಂತೆಯಲ್ಲಿ ಮಾರಿಹೋದ ಘುಗ್ರಿಯ ಬಗ್ಗೆ ಅಷ್ಟಾದರೂ ಗೊತ್ತಿರಬೇಕು. ಅದನ್ನು ಹೇಳಬಲ್ಲ ಅಜ್ಜಿಯರು ಚಿಂಚೋಳಿ, ಚಿತ್ತಾಪುರದ ತಾಂಡಾಗಳಲ್ಲಿ ಇನ್ನೂ ಇದ್ದಾರೆ.