ಹಳ್ಳದ ಪಾಲು ಎಲ್ಲಿ ಹೋಯಿತು?

ಹೊಲದ ಉತಾರ ತೆಗೆದು ನೋಡಿ. ಒಟ್ಟು ಕ್ಷೇತ್ರದ ಕೆಳಗೆ ಪೂಟ್ ಖರಾಬ ‘ಅ’, ಪೂಟ್ ಖರಾಬ ‘ಬ’ ಎಂದು ಎರಡು ಸಾಲುಗಳಿವೆ. ‘ಅ’ ಅಂದರೆ ಬೇಸಾಯಕ್ಕೆ ಬಾರದ ನೆಲ. ‘ಬ’ ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಉಗಾರ ಬುದ್ರುಕದ ಸುತ್ತ ಕಬ್ಬಿನ ಹೊಲ ಪ್ಲಾಟ್ ಆಗುವಾಗ ಯಾರೂ ಓದದ ಸಾಲು ಈ ‘ಬ’.

ಇದರ ಹಿಂದೆ ದೊಡ್ಡ ಇತಿಹಾಸವಿದೆ. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಲ ಅಳೆದು ನಂಬರು ಕೊಡುವ ಪದ್ಧತಿ ಆರಂಭಿಸಿದರು. ಅದು ಮುಂಬಯಿ ಪ್ರಾಂತದ ತುಂಬ ಹಬ್ಬಿತು. 1879ರ ಮುಂಬಯಿ ಭೂಕಂದಾಯ ಕಾಯ್ದೆಯ 37ನೇ ಕಲಮು ಹೊಳೆ, ಹಳ್ಳ, ನಾಲೆಗಳನ್ನು ಸರ್ಕಾರದ ಸ್ವತ್ತು ಎಂದಿತು. ನಮ್ಮ ಭಾಗದ ಕೆಲವು ಊರುಗಳು ಸಂಸ್ಥಾನಗಳಲ್ಲಿದ್ದವು. 1948ರಲ್ಲಿ ಅವು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮು ಅದೇ ಮಾತನ್ನು ಉಳಿಸಿಕೊಂಡಿತು.

ಆದರೆ ಈ ಕಲಮು ಹಳ್ಳ ಯಾರದು ಎಂದು ಹೇಳಿತೇ ಹೊರತು, ಮನೆ ಹಳ್ಳದಿಂದ ಎಷ್ಟು ದೂರ ಇರಬೇಕು ಎಂದು ಹೇಳಲಿಲ್ಲ. ಆ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಬೆಂಗಳೂರಿನಲ್ಲಿ. ಅಲ್ಲಿನ ‘ಮಹಾಯೋಜನೆ 2015’ ರಾಜಕಾಲುವೆಯ ನಡುಗೆರೆಯಿಂದ, ಕಾಲುವೆಯ ದರ್ಜೆ ನೋಡಿ, 50, 25, 15 ಮೀಟರ್ ಬಿಡಬೇಕು ಎಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಕಾಲುವೆಯ ಅಂಚಿನಿಂದ 50, 35, 25 ಮೀಟರಿಗೆ ಹೆಚ್ಚಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಹೆಚ್ಚಳ ರದ್ದು ಮಾಡಿತು: ಮಹಾಯೋಜನೆ ತಿದ್ದುವ ಅಧಿಕಾರ ಮಂಡಳಿಗಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಇತ್ತ ಕೃಷ್ಣೆ ದಂಡೆ ಮೀರಿದಳು. ಉಗಾರ–ಕುಡಚಿ ಸೇತುವೆ ಮುಳುಗಿತು. ನೀರು ಯಾವ ಕೋರ್ಟಿನ ಅಳತೆಯನ್ನೂ ಕೇಳಲಿಲ್ಲ.

ಅಮೆರಿಕದಲ್ಲಿ ಇನ್ನೊಂದು ದಾರಿ ಇದೆ. ಹೊಲದ ಮಾಲೀಕ ಹೊಲ ತನ್ನಲ್ಲೇ ಇಟ್ಟುಕೊಂಡು, ಹಳ್ಳದ ಅಂಚಿನಲ್ಲಿ ಕಟ್ಟುವ ಹಕ್ಕನ್ನು ಮಾತ್ರ ಕರಾರು ಬರೆದು ಬಿಟ್ಟುಕೊಡುತ್ತಾನೆ. ಮುಂದೆ ಕೊಂಡವರಿಗೂ ಆ ಕರಾರು ಅನ್ವಯ. ನಮ್ಮ 1882ರ ಅನುಭೋಗದ ಹಕ್ಕಿನ ಕಾಯ್ದೆ ಬೇರೆ ಬಗೆಯದು: ಒಂದು ಜಮೀನಿನ ಅನುಕೂಲಕ್ಕೆ ಇನ್ನೊಂದು ಜಮೀನಿನ ಮೇಲಿರುವ ಹಕ್ಕು. ಪಕ್ಕದವರ ಹೊಲದಲ್ಲಿ ದಾರಿ ಕೇಳಬಹುದು, ನೀರು ಹರಿಸಲು ಕೇಳಬಹುದು. ಹಳ್ಳಕ್ಕೆ ಹೊಲವಿಲ್ಲ, ಹೀಗಾಗಿ ಅದರ ಪರವಾಗಿ ಕೇಳುವವರೂ ಇಲ್ಲ.

ಹಾಗಾಗಿ ನಮಗೆ ಉಳಿದದ್ದು ಹಳೆಯ ದಾಖಲೆಯೇ. ಪ್ಲಾಟ್ ಕೊಳ್ಳುವ ಮೊದಲು ‘ಎನ್‌ಎ ಆಗಿದೆ’ ಎಂಬ ಒಂದೇ ಮಾತಿಗೆ ಒಪ್ಪಬೇಡಿ. ಮೂಲ ಸರ್ವೆ ನಂಬರಿನ ಉತಾರದಲ್ಲಿ ‘ಬ’ ಎಷ್ಟು ಗುಂಟೆ ಇದೆ ನೋಡಿ, ಊರ ನಕಾಶೆಯಲ್ಲಿ ಹಳ್ಳದ ಗೆರೆ ಹುಡುಕಿ, ಆಮೇಲೆ ಲೇಔಟಿನ ನಕ್ಷೆ ಪಕ್ಕಕ್ಕಿಟ್ಟು ಹೋಲಿಸಿ. ಎರಡರಲ್ಲಿ ಇದ್ದ ಹಳ್ಳ ಮೂರನೆಯದರಲ್ಲಿ ಕಾಣದಿದ್ದರೆ, ಮುಂಗಡ ಕೊಡುವ ಮೊದಲೇ ಕೇಳಿ: ಹಳ್ಳದ ಪಾಲು ಎಲ್ಲಿ ಹೋಯಿತು?