ಔಡಲೆಣ್ಣೆಯಿಂದ ಹೇರ್ ಜೆಲ್‌ವರೆಗೆ

ಕಳೆದ ಮಳೆಗಾಲದ ಒಂದು ಭಾನುವಾರ. ಕುಷಾಯಿಗೂಡದ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಹತ್ತನೇ ತರಗತಿ ಓದುವ ಮಗ ಎರಡು ಡಬ್ಬಿ ಹಿಡಿದು ನಿಂತಿದ್ದ. ಒಂದು ಹೇರ್ ಜೆಲ್, ಇನ್ನೊಂದು ಹೇರ್ ವ್ಯಾಕ್ಸ್. "ಅಪ್ಪಾ, ಇವೆರಡರಲ್ಲಿ ಯಾವುದು ಒಳ್ಳೇದು?" ಎಂದ. ಆಫೀಸಿನಲ್ಲಿ ಎರಡು ಕೊಟೇಶನ್ ಹೋಲಿಸುವವನ ಹಾಗೆ ಕನ್ನಡಕ ಸರಿಮಾಡಿಕೊಂಡು ಡಬ್ಬಿಯ ಹಿಂದಿನ ಸಣ್ಣಕ್ಷರ ಓದತೊಡಗಿದೆ. ಜೆಲ್‌ನಲ್ಲಿ ನೀರು, ಪಿವಿಪಿ, ಕಾರ್ಬೋಮರ್, ಟ್ರೈಎಥನಾಲಮೈನ್. ಕೊನೆಯ ಸಾಲಿನಲ್ಲಿ 'ಪೆಗ್-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್'. ಅಲ್ಲಿ ಕಣ್ಣು ನಿಂತಿತು. ಕ್ಯಾಸ್ಟರ್ ಆಯಿಲ್ ಅಂದರೆ ನಮ್ಮ ಔಡಲೆಣ್ಣೆ!

ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿ. 1956ರವರೆಗೆ ಅದೂ ಈ ಕುಷಾಯಿಗೂಡವೂ ಒಂದೇ ಹೈದರಾಬಾದ್ ಸಂಸ್ಥಾನ, ಆಮೇಲೆ ರಾಜ್ಯದಲ್ಲಿ ಇದ್ದವು. ಆ ಕಡೆಯ ಒಣಭೂಮಿಗೂ ಈ ಕಡೆಯ ನಲ್ಗೊಂಡ, ಮಹಬೂಬನಗರದ ಹೊಲಗಳಿಗೂ ಔಡಲ ಪರಿಚಿತ ಬೆಳೆ. ತೆಲುಗಿನವರು ಅದರ ಎಣ್ಣೆಯನ್ನು ಆಮುದಂ ಅನ್ನುತ್ತಾರೆ. ಅಜ್ಜಿ ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಿಗೆ ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುತ್ತಿದ್ದಳು. ಔಡಲ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಅದು ಹಿಂಡಿಯಲ್ಲೇ ಉಳಿಯುತ್ತದೆ, ಕುದಿಸಿದರೆ ಕೆಡುತ್ತದೆ. ಅಜ್ಜಿಗೆ ರಿಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ಕುದಿಸಬೇಕು ಎಂಬುದು ಗೊತ್ತಿತ್ತು. "ಎಣ್ಣಿ ಹಚ್ಚಿದ್ರ ಕೂದ್ಲು ಮಾತು ಕೇಳ್ತಾವ" ಎಂದು ನನ್ನ ತಲೆಗೆ ತಟ್ಟಿ ತಟ್ಟಿ ಹಚ್ಚುತ್ತಿದ್ದಳು.

ಕೂದಲು ಮಾತು ಕೇಳಬೇಕು ಎಂಬ ಆಸೆ ಬಹಳ ಹಳೆಯದು. 2003ರಲ್ಲಿ ಐರ್ಲೆಂಡಿನ ಕ್ಲೋನಿಕಾವನ್ ಎಂಬಲ್ಲಿ ಜೌಗು ನೆಲದಿಂದ ಎರಡು ಸಾವಿರ ವರ್ಷಕ್ಕೂ ಹಿಂದಿನ ಗಂಡಸಿನ ದೇಹವೊಂದು ಸಿಕ್ಕಿತು. ಅವನ ಕೂದಲನ್ನು ಎತ್ತಿ ನಿಲ್ಲಿಸಿದ್ದು ಸಸ್ಯದ ಎಣ್ಣೆ ಮತ್ತು ಪೈನ್ ಮರದ ಅಂಟಿನ ಮಿಶ್ರಣ. 2011ರಲ್ಲಿ ಈಜಿಪ್ಟಿನ ಮಮ್ಮಿಗಳ ಕೂದಲನ್ನು ಪರೀಕ್ಷಿಸಿದಾಗ ಅದರ ಮೇಲೆ ಕೊಬ್ಬಿನ ಲೇಪ ಕಂಡಿತು. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿದ್ದ ದಾರಿಗಳು ಮುಖ್ಯವಾಗಿ ಎರಡೇ. ಜಿಡ್ಡು ಹಚ್ಚಿ ಕೂದಲನ್ನು ಒಂದಕ್ಕೊಂದು ಅಂಟಿಸುವುದು, ಅಥವಾ ಗೋಂದು ಹಚ್ಚಿ ಒಣಗಿಸಿ ಹಿಡಿದಿಡುವುದು. ಅಗಸೆ ಬೀಜ ಕುದಿಸಿದಾಗ ಬರುವ ಲೋಳೆ ಎರಡನೆಯ ಜಾತಿಯದು.

ಹತ್ತೊಂಬತ್ತನೇ ಶತಮಾನದಲ್ಲಿ ಜಿಡ್ಡು ದೊಡ್ಡ ವ್ಯಾಪಾರವಾಯಿತು. ಇಂಗ್ಲೆಂಡಿನ ಗಂಡಸರು 'ಮಕಾಸರ್ ಎಣ್ಣೆ' ಹಚ್ಚಿ ಕುರ್ಚಿಗೆ ತಲೆ ಒರಗಿಸಿದರೆ ಕಲೆ ಬೀಳುತ್ತಿತ್ತು. ಅದಕ್ಕೆಂದೇ ಕುರ್ಚಿಯ ಬೆನ್ನಿಗೆ ಹೊದಿಸುವ ಬಟ್ಟೆ ಬಂತು, ಅದರ ಹೆಸರು ಆಂಟಿಮಕಾಸರ್. ನಾವು ಊರಿಗೆ ಹೋಗುವ ಎಸಿ ಬಸ್ಸಿನ ಸೀಟಿಗೆ ತಲೆಯ ಹತ್ತಿರ ಹಾಕಿರುವ ಬಿಳಿ ಬಟ್ಟೆ ಅದರದೇ ವಂಶ. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ವ್ಯಾಸಲೀನಿಗೆ ಪೇಟೆಂಟ್ ಪಡೆದ. ಹೊಲದ ಎಣ್ಣೆ, ಪ್ರಾಣಿಯ ಕೊಬ್ಬಿನ ಜಾಗಕ್ಕೆ ಕಚ್ಚಾತೈಲದಿಂದ ಬಂದ ಜಿಡ್ಡು ಕಾಲಿಟ್ಟಿತು. ಅದು ಮುಗ್ಗುವುದಿಲ್ಲ. 1928ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್ ಖನಿಜ ಎಣ್ಣೆ, ನೀರು, ಜೇನುಮೇಣ ಸೇರಿಸಿ ಕಡೆದ ಕ್ರೀಮು. ನಮ್ಮಲ್ಲಿ ಅದರ ಜಾಹೀರಾತಿಗೆ ಮುಖವಾದವರು ಕ್ರಿಕೆಟಿಗ ಫಾರೂಕ್ ಎಂಜಿನಿಯರ್.

ಇಲ್ಲಿ ನನ್ನ ಕಥೆಯೂ ಸ್ವಲ್ಪ ಇದೆ. ಎಂಟೆಕ್ ಹಾಸ್ಟೆಲ್‌ನಲ್ಲಿ ನನ್ನ ಎಣ್ಣೆ ತಲೆ ನೋಡಿ ಗೆಳೆಯರು ನಗುತ್ತಿದ್ದರು. ನಾಚಿಕೆಯಾಗಿ ಎಣ್ಣೆ ಬಿಟ್ಟು ಯಾವುದೋ ಹೇರ್ ಕ್ರೀಮ್ ಕೊಂಡೆ. ತಿಂಗಳೊಳಗೆ ಹಣೆ ತುಂಬ ಮೊಡವೆ. ಸೋಪು ಬದಲಿಸಿದೆ, ಹಾಸ್ಟೆಲ್ ನೀರನ್ನು ಬೈದೆ, ಕ್ರೀಮನ್ನು ಮಾತ್ರ ಬಿಡಲಿಲ್ಲ. ಕೂದಲಿನ ಜಿಡ್ಡು ಹಣೆಗೆ ಇಳಿದು ರಂಧ್ರ ಮುಚ್ಚಿದರೆ ಹೀಗಾಗುತ್ತದೆ. 1970ರಲ್ಲೇ ಅಮೆರಿಕದ ಚರ್ಮವೈದ್ಯರು ಇದನ್ನು 'ಪೊಮೇಡ್ ಮೊಡವೆ' ಎಂದು ಕರೆದು ವಿವರಿಸಿದ್ದರು. ಎಣ್ಣೆ ಬಿಟ್ಟೆ ಅಂದುಕೊಂಡವನು ನಿಜದಲ್ಲಿ ಬಿಟ್ಟಿದ್ದು ಔಡಲೆಣ್ಣೆಯನ್ನು, ಹಚ್ಚಿಕೊಂಡಿದ್ದು ಖನಿಜ ಎಣ್ಣೆಯನ್ನು. ಡಬ್ಬಿ ತಿರುಗಿಸಿ ಓದಬೇಕು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಜಿಡ್ಡಿನ ಕಾಲ ಹಿಂದೆ ಸರಿದದ್ದು ಪಾಲಿಮರ್‌ಗಳಿಂದ. ಪಿವಿಪಿಯನ್ನು 1930ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಿಸಿದ್ದು ರಸಾಯನವಿಜ್ಞಾನಿ ವಾಲ್ಟರ್ ರೆಪ್ಪೆ. ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ಬದಲು ಅದರ ದ್ರಾವಣ ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ವಸ್ತು ಹೇರ್ ಸ್ಪ್ರೇ ಸೇರಿತು. ನೀರು ಆರಿದಾಗ ಕೂದಲಿನ ಮೇಲೆ ತೆಳುವಾದ ಪೊರೆ ಬಿಡುತ್ತದೆ, ನೀರು ಹಾಕಿದರೆ ಕರಗುತ್ತದೆ. ಅಜ್ಜಿಯ ಕಾಲದ ಗೋಂದಿನ ಕೆಲಸವೇ. ಕಾರ್ಬೋಮರ್ ಜೆಲ್ಲಿಗೆ ಮೈ ಕೊಡುತ್ತದೆ. ಅದು ಹುಳಿ ಗುಣದ ಪುಡಿ. ಟ್ರೈಎಥನಾಲಮೈನ್ ಸೇರಿಸಿ ಹುಳಿ ಇಳಿಸಿದ ಕೂಡಲೇ ಉಬ್ಬಿ ಪಾರದರ್ಶಕ ಲೋಳೆಯಾಗುತ್ತದೆ.

ಆದರೆ ಹೊಸದೆಲ್ಲ ಸುರಕ್ಷಿತವಾಗಿರಲಿಲ್ಲ. ಕೆಲವು ಹೇರ್ ಸ್ಪ್ರೇ ಡಬ್ಬಿಗಳಲ್ಲಿ ದ್ರವವನ್ನು ಹೊರತಳ್ಳಲು ವಿನೈಲ್ ಕ್ಲೋರೈಡ್ ಅನಿಲ ತುಂಬುತ್ತಿದ್ದರು. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್ ನಗರದ ಪಿವಿಸಿ ಕಾರ್ಖಾನೆಯ ಕಾರ್ಮಿಕರು ಅಪರೂಪದ ಯಕೃತ್ ಕ್ಯಾನ್ಸರಿಗೆ ಬಲಿಯಾದದ್ದು ಹೊರಬಂತು. ಕಾರಣ ಇದೇ ಅನಿಲ. ಅದೇ ವರ್ಷ ಸೌಂದರ್ಯ ಸಾಧನಗಳ ಸ್ಪ್ರೇಗಳಲ್ಲಿ ಅದರ ಬಳಕೆಯನ್ನು ಅಮೆರಿಕ ನಿಷೇಧಿಸಿತು. ಅಲ್ಲಿಯವರೆಗೆ ಮುಚ್ಚಿದ ಕೋಣೆಯಲ್ಲಿ ಕಣ್ಣು ಮುಚ್ಚಿ ಸ್ಪ್ರೇ ಹೊಡೆದುಕೊಂಡವರು, ದಿನವಿಡೀ ಗಿರಾಕಿಗಳಿಗೆ ಹೊಡೆದ ಪಾರ್ಲರ್ ಕೆಲಸಗಾರರು ಉಸಿರಾಡಿದ್ದೇನು ಎಂದು ಡಬ್ಬಿ ಹೇಳಿರಲಿಲ್ಲ. ಸೌಂದರ್ಯ ಸಾಧನಗಳ ಮೇಲೆ ಪದಾರ್ಥಗಳ ಪಟ್ಟಿ ಕಡ್ಡಾಯವಾದದ್ದು ಅಮೆರಿಕದಲ್ಲೇ 1970ರ ದಶಕದಲ್ಲಿ, ಯುರೋಪಿನಲ್ಲಿ ಇನ್ನೂ ತಡವಾಗಿ. ನಾವು ಓದದೆ ಬಿಸಾಡುವ ಆ ಸಣ್ಣಕ್ಷರ ಇಷ್ಟು ಈಚಿನ ಹಕ್ಕು.

ಭಾರತದಲ್ಲಿ ಈಗ 2020ರ ಕಾಸ್ಮೆಟಿಕ್ಸ್ ನಿಯಮಗಳಿವೆ. ಪಟ್ಟಿಯ ಕ್ರಮಕ್ಕೆ ಅರ್ಥವಿದೆ. ಶೇ 1ಕ್ಕಿಂತ ಹೆಚ್ಚಿರುವವು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರಬೇಕು. ಅದಕ್ಕಿಂತ ಕಡಿಮೆಯವು ಕೊನೆಯಲ್ಲಿ ಹೇಗೆ ಬೇಕಾದರೂ ಬರಬಹುದು. ಮೊದಲ ನಾಲ್ಕೈದು ಹೆಸರು ಓದಿದರೆ ಡಬ್ಬಿಯ ಜಾತಿ ತಿಳಿಯುತ್ತದೆ. ಪೆಟ್ರೋಲೇಟಮ್, ಮಿನರಲ್ ಆಯಿಲ್, ಬೀಸ್ವ್ಯಾಕ್ಸ್ ಮೊದಲಿದ್ದರೆ ಜಿಡ್ಡಿನದು: ಹೊಳಪು ಹೆಚ್ಚು, ತೊಳೆಯಲು ಶಾಂಪೂ ಬೇಕು, ಮೊಡವೆಯವರಿಗೆ ಬೇಡ. ನೀರು, ಪಿವಿಪಿ ಮೊದಲಿದ್ದರೆ ಪೊರೆಯದು: ಬಿಗಿ ಹೆಚ್ಚು, ನೀರಿಗೆ ಹೋಗುತ್ತದೆ, ಆದರೆ ಮಳೆಗಾಲದ ತೇವ ಹೀರಿ ಅಂಟಂಟಾಗುತ್ತದೆ. ಆಲ್ಕೋಹಾಲ್ ಡಿನ್ಯಾಟ್ ಮೇಲಿದ್ದರೆ ಬೇಗ ಆರುತ್ತದೆ, ಕೂದಲನ್ನೂ ಒಣಗಿಸಬಹುದು. ಮುಂದೆ ದೊಡ್ಡದಾಗಿ ಬರೆದ ಗಿಡಮೂಲಿಕೆ ಹಿಂದೆ ಕಟ್ಟಕಡೆಯಲ್ಲಿದ್ದರೆ ಅದು ಹೆಸರಿಗೆ ಮಾತ್ರ.

ಹಾಗಾದರೆ ನಮ್ಮ ಔಡಲ? ಎಣ್ಣೆಗೆ ಹೈಡ್ರೋಜನ್ ಸೇರಿಸಿ, ಎಥಿಲೀನ್ ಆಕ್ಸೈಡ್ ಜೊತೆ ಬೆಸೆದು ಮಾಡಿದ್ದು ಈ ಪೆಗ್-40. ಅದು ಕೂದಲಿಗಾಗಿ ಅಲ್ಲ, ಸುವಾಸನೆಯ ಎಣ್ಣೆ ನೀರಿನಲ್ಲಿ ಕರಗಲಿ ಎಂದು. ಅಜ್ಜಿಯ ಮನೆಯಲ್ಲಿ ಯಜಮಾನಿಕೆ ಮಾಡುತ್ತಿದ್ದ ಎಣ್ಣೆ ಇಲ್ಲಿ ಸೆಂಟಿನ ಸಹಾಯಕ.

ಮಗನ ಹಣೆಯಲ್ಲೂ ಈಗ ಮೊಡವೆ ಶುರುವಾಗಿದೆ. ಇದನ್ನೆಲ್ಲ ಅಂಗಡಿಯಲ್ಲಿ ನಿಂತು ಹೇಳಲಿಲ್ಲ. ಹಾಸ್ಟೆಲ್ ಕಥೆಯೊಂದನ್ನೇ ಹೇಳಿದೆ. ಅವನು ನಕ್ಕ, ಆಮೇಲೆ ವ್ಯಾಕ್ಸ್ ವಾಪಸ್ ಇಟ್ಟು ಜೆಲ್‌ನ ಸಣ್ಣ ಟ್ಯೂಬು ತೆಗೆದುಕೊಂಡ. ಹಣೆಗೆ ತಾಗಿಸುವುದಿಲ್ಲ, ರಾತ್ರಿ ತೊಳೆದು ಮಲಗುತ್ತೇನೆ ಎಂದ.

ಜಾತ್ರೆಯಿಂದ ಏನೇ ತಂದರೂ ಅಜ್ಜಿ ಮೊದಲು ಕೇಳುತ್ತಿದ್ದ ಮಾತು: "ಇದ್ರಾಗ ಏನೇನ್ ಹಾಕ್ಯಾರ?" ಕಳೆದ ವಾರ ಮಗ ಒಂದು ಶಾಂಪೂ ಬಾಟಲಿ ತಿರುಗಿಸಿ ಓದುತ್ತಿದ್ದ. ನಾನು ಸುಮ್ಮನೆ ಪಕ್ಕದಲ್ಲಿ ನಿಂತುಕೊಂಡೆ.